ಅಣ್ಣ ಮೀನು ಬಿಟ್ಟ ಕೆರೆ

ನಮ್ಮದು ಮೀನು ಮುಟ್ಟದ ಮನೆ. ಆದರೂ ಸುಮಾರು ಒಂದೂವರೆ ವರ್ಷ, ಮಧ್ಯಾಹ್ನದ ಊಟ ಮುಗಿದ ಮೇಲೆ, ತೋಟದ ಮನೆಯ ಪಡಸಾಲೆಯಲ್ಲಿ ಕೂತು ನನ್ನ ಅಣ್ಣ ಮೀನು ಹಿಡಿಯುತ್ತಿದ್ದ. ಹಿಡಿದ ಪ್ರತಿ ಮೀನನ್ನೂ ನೀರಿಗೆ ವಾಪಸ್ ಬಿಡುತ್ತಿದ್ದ. ಬಿಟ್ಟನೋ ಇಲ್ಲವೋ ಎಂದು ಪಕ್ಕದಲ್ಲಿ ಅತ್ತಿಗೆ ಕಣ್ಣಿಟ್ಟಿರುತ್ತಿದ್ದರು. ಕೆರೆ ಇದ್ದದ್ದು ನನ್ನ ಲ್ಯಾಪ್‌ಟಾಪಿನೊಳಗೆ. ಹಾಗೆಂದು ನಾವು ತಿಳಿದಿದ್ದೆವು.

ಒಂದೂವರೆ ವರ್ಷ ಎಂದು ಬರೆದೆ. ಅತ್ತಿಗೆಯನ್ನು ಕೇಳಿದರೆ ವರ್ಷ ಕೂಡ ತುಂಬಿರಲಿಲ್ಲ ಎನ್ನುತ್ತಾರೆ. ಅಣ್ಣನನ್ನು ಕೇಳಿದರೆ ಎರಡು ಮಳೆಗಾಲ ಆಯ್ತಲ್ಲ ಎನ್ನುತ್ತಾನೆ. ನಾನು ಮೈಸೂರಿನಲ್ಲಿ ಇತಿಹಾಸ ಓದಿ, ಒಂದು ಕಡೆ ನಿಲ್ಲಲಾರದೆ ಹಲವು ಕೆಲಸ ಹಿಡಿದು ಬಿಟ್ಟು, ಕೊನೆಗೆ ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿರುವವನು. ಕಣ್ಣಾರೆ ಕಂಡೆ ಎನ್ನುವವನ ಮಾತನ್ನೇ ಮೊದಲು ಅನುಮಾನಿಸಿ ಎಂದು ತರಗತಿಯಲ್ಲಿ ಹೇಳುತ್ತೇನೆ. ಇಲ್ಲಿ ಕಣ್ಣಾರೆ ಕಂಡವನು ನಾನೇ. ಓದುವವರು ಅಷ್ಟು ಎಚ್ಚರ ಇಟ್ಟುಕೊಳ್ಳುವುದು ಒಳ್ಳೆಯದು.

ಅಣ್ಣನಿಗೆ ಲಕ್ವ ಹೊಡೆದದ್ದು ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದಾಗ. ಮೋಟಾರು ಹಾಕಿ ಬದುವಿನ ಮೇಲೆ ಕೂತವನು ಏಳಲಿಲ್ಲ. ವಯಸ್ಸು ಐವತ್ತರ ಆಚೀಚೆ. ತುಮಕೂರಿನ ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮಾತು ಮರಳಿತ್ತು, ಕಾಲು ಎಳೆದುಕೊಂಡಾದರೂ ನಡೆಯುತ್ತಿದ್ದ. ಎಡಗೈ ಮಾತ್ರ ಮಡಚಿಕೊಂಡೇ ಉಳಿಯಿತು. ಬೆರಳುಗಳು ಅಂಗೈಯನ್ನು ಮುಚ್ಚಿ ಹಿಡಿದಿದ್ದವು. ಮುಟ್ಟಿದರೆ ಅರ್ಧಂಬರ್ಧ ಗೊತ್ತಾಗುತ್ತಿತ್ತು, ಅಷ್ಟೆ.

ಬಲಗೈ ಚೆನ್ನಾಗಿದೆಯಲ್ಲ, ಎಡಗೈ ತಾನೆ ಎಂದು ನೋಡಲು ಬಂದ ನೆಂಟರು ಸಮಾಧಾನ ಹೇಳುತ್ತಿದ್ದರು. ಎಡಗೈ ಎಂದರೆ ಏನು ಎನ್ನುವುದು ಅವರಿಗೂ ಗೊತ್ತಿತ್ತು. ನಮ್ಮಲ್ಲಿ ಸ್ನಾನವಾದ ಮೇಲೆ ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಬೇರೆ ಗುಡಿ ಇಲ್ಲ, ಪೀಠ ಇಲ್ಲ. ಆ ಅಂಗೈಯೇ ಎಲ್ಲ. ನಾನು ಮೈಸೂರಿಗೆ ಹೋದ ಮೊದಲ ವರ್ಷವೇ ಅದನ್ನು ಬಿಟ್ಟವನು. ನನ್ನ ಕರಡಿಗೆ ಬೀರುವಿನಲ್ಲಿದೆ. ಅಣ್ಣ ಬಿಟ್ಟವನಲ್ಲ. ಜ್ವರ ಬಂದರೂ, ಕಾಯಿ ಕೀಳಿಸುವ ದಿನ ಆಳುಗಳು ಬಾಗಿಲಲ್ಲಿ ಕಾಯುತ್ತಿದ್ದರೂ, ಮೊದಲು ಪೂಜೆ.

ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಅತ್ತಿಗೆ ಎದುರಿಗೆ ಕೂತು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತಿದ್ದವು. ಆಗ ತಮ್ಮ ಅಂಗೈಯನ್ನು ಅವನ ಅಂಗೈ ಕೆಳಗೆ ಕೊಟ್ಟು, ಹೆಬ್ಬೆರಳಿನಿಂದ ಅವನ ಬೆರಳುಗಳನ್ನು ಅದುಮಿ ಹಿಡಿದರು. ಲಿಂಗ ಆ ಎರಡು ಅಂಗೈಗಳ ಮೇಲೆ ಕೂತಿತು. ಅಣ್ಣ ಕಣ್ಣು ಮುಚ್ಚಲಿಲ್ಲ. ಗೋಡೆ ನೋಡುತ್ತಿದ್ದ.

“ನಾಳಿಂದ ಬ್ಯಾಡ ಬುಡು” ಎಂದ. “ಇದೇನ್ ಇಬ್ರು ಸೇರ್ಕೊಂಡ್ ಹಿಡ್ಕೊಳ್ಳೋ ಸಾಮಾನಾ?”

“ನಾನ್ ಹಿಡ್ಕೊಂಡಿರೋದು ನಿಮ್ ಕೈನ ಕಣ್ರೀ. ಮೇಲಿರೋದು ನಿಮ್ದೇ. ಸುಮ್ನೆ ಪೂಜೆ ಮಾಡಿ” ಎಂದರು ಅತ್ತಿಗೆ.

ತಿಪಟೂರಿನ ಫಿಸಿಯೋಥೆರಪಿ ಕ್ಲಿನಿಕ್ಕಿನ ಹೆಣ್ಣುಮಗಳು ಸ್ಪಷ್ಟವಾಗಿ ಹೇಳಿದ್ದಳು: ಮೊದಲ ತಿಂಗಳುಗಳೇ ಮುಖ್ಯ, ಬೆರಳಿಗೆ ದಿನಾ ಕೆಲಸ ಕೊಡಬೇಕು, ಇಲ್ಲದಿದ್ದರೆ ಹೀಗೇ ಬಿಗಿದುಕೊಂಡುಬಿಡುತ್ತವೆ. ಹಿಸುಕಲು ಒಂದು ಸ್ಪಂಜಿನ ಚೆಂಡು ಕೊಟ್ಟಳು. ಅಣ್ಣ ಅದನ್ನು ನಾಲ್ಕು ದಿನ ಹಿಸುಕಿ ದನದ ಕೊಟ್ಟಿಗೆಯ ಮಾಡಿನ ಮೇಲೆ ಎಸೆದ. ಕೇಳಿದರೆ “ನಾನೇನ್ ಕೂಸಾ?” ಎಂದ. ಬಟಾಣಿ ಹೆಕ್ಕು ಎಂದರೆ ಹೆಕ್ಕಲಿಲ್ಲ. ಹುರಿ ಹೊಸೆಯಲು ಕೊಟ್ಟರೆ, ಆಗದ ಕೆಲಸ ಕೊಟ್ಟು ಅಣಕಿಸುತ್ತೀರಾ ಎಂದು ಸಿಟ್ಟಾದ. ಬೆಳಿಗ್ಗೆ ಅತ್ತಿಗೆಯ ಕೈ ಕೆಳಗೆ ಬರುವುದು, ಅವನು ಗೋಡೆ ನೋಡುವುದು ನಡೆದೇ ಇತ್ತು.

ನನಗೆ ವಿಡಿಯೋ ಗೇಮ್ ಆಡುವ ಚಟ. ನಲವತ್ತು ದಾಟಿದ ಮೇಷ್ಟ್ರು ಹೇಳಿಕೊಳ್ಳುವ ವಿಷಯವಲ್ಲ. ಸ್ಟಾಫ್ ರೂಮಿನಲ್ಲಿ ಗೊತ್ತಾದ ದಿನದಿಂದ ಯಾರಾದರೂ ಒಬ್ಬರು “ಏನ್ ಸಾರ್, ನಿನ್ನೆ ಎಷ್ಟ್ ಜನಾನ ಕೊಂದ್ರಿ?” ಎಂದು ಕೇಳದೆ ಕಾಫಿ ಕುಡಿಯುವುದಿಲ್ಲ. ನಾನು ಯಾರನ್ನೂ ಕೊಲ್ಲುವ ಆಟ ಆಡುವವನಲ್ಲ. ಆ ಕಾಲಕ್ಕೆ ಆಡುತ್ತಿದ್ದದ್ದು ಮೀನು ಹಿಡಿಯುವ ಆಟ. ಯಾವುದೋ ಚಳಿ ದೇಶದ ಕೆರೆ, ಸುತ್ತ ಮೊನಚು ಮರಗಳು, ನೀರಿನ ಮೇಲೆ ಮಂಜು, ಒಂದು ಮರದ ಅಟ್ಟಣೆ. ಗಾಳ ಹಾಕಿ ಕಾಯುವುದು. ಮೀನು ಕಚ್ಚಿದರೆ ಕೈಯಲ್ಲಿರುವ ಕಂಟ್ರೋಲರ್ ಗುರ್ ಎಂದು ನಡುಗುತ್ತದೆ. ಆಗ ದಾರ ಸಡಿಲ ಬಿಟ್ಟು, ಎಳೆದು, ಬಿಟ್ಟು, ಎಳೆದು, ದಡಕ್ಕೆ ತರಬೇಕು. ನನ್ನ ಸಂಬಳದಲ್ಲಿ ಕಾಸು ಕೊಟ್ಟು, ಬಿಲ್ ಸಮೇತ ಕೊಂಡ ಆಟ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ.

ಒಂದು ಭಾನುವಾರ ಲ್ಯಾಪ್‌ಟಾಪನ್ನೂ ಕಂಟ್ರೋಲರನ್ನೂ ತೋಟದ ಮನೆಗೆ ಒಯ್ದೆ. ಎಳೆಯುವ, ಬಿಡುವ ಗುಂಡಿಗಳೆಲ್ಲ ಎಡಗೈ ಬೆರಳಿಗೆ ಬರುವ ಹಾಗೆ ಬದಲಾಯಿಸಿಟ್ಟಿದ್ದೆ. ಅಣ್ಣನಿಗೆ ಏನೂ ಹೇಳಲಿಲ್ಲ. ನಾನು ಆಡುತ್ತಾ ಕೂತೆ. ಬೇಕಂತಲೇ ಮೀನು ತಪ್ಪಿಸಿಕೊಳ್ಳುವ ಹಾಗೆ ಆಡಿದೆ.

“ಅಂಗೆ ದಬಕ್ಕನೆ ಎಳುದ್ರೆ ನಿಂತದೇನ್ಲಾ?” ಎಂದ ಅಣ್ಣ ಮಂಚದಿಂದಲೇ. “ಒಸಿ ಬುಟ್ಟು ಎಳಿ.”

“ನೀನೇ ಎಳಿ, ಬಾ.”

“ಎಲ್ಲಿ, ತತ್ತಾ.”

ಹೀಗೆಯೇ ಆಯಿತು ಎಂದು ನನಗೆ ನೆನಪು. ಅಣ್ಣ ಮಾತ್ರ, ನಿನ್ನ ಉಪಾಯ ಮೊದಲೇ ಗೊತ್ತಾಗಿತ್ತು, ಪಾಪ ಅಷ್ಟು ದೂರ ಹೊತ್ತುಕೊಂಡು ಬಂದವ್ನೆ ಅಂತ ಕೈಗೆತ್ತಿಕೊಂಡೆ ಎನ್ನುತ್ತಾನೆ. ಯಾರು ಯಾರನ್ನು ಪುಸಲಾಯಿಸಿದ್ದು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಮೀನು ಮೇಲೆ ಬಂದಾಗ ಅತ್ತಿಗೆ ಅಡುಗೆಮನೆಯಿಂದ ಬಂದರು. ಪರದೆಯ ತುಂಬ ಒಂದು ಹೊಳೆಯುವ ಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು.

“ಅಯ್ಯೋ ಶಿವನೇ! ಏನ್ ಮಾಡುಸ್ತಾ ಇದೀಯಪ್ಪಾ ನಿಮ್ಮಣ್ಣನ ಕೈಲಿ? ಬೆಳಿಗ್ಗೆ ಲಿಂಗ ಹಿಡ್ಯೋ ಕೈ!”

“ಅತ್ಗೆ, ಇದು ಬೊಂಬೆ ಮೀನು.”

“ಬೊಂಬೆ ಅನ್ನೋದು ನಿನಗ್ ಗೊತ್ತು. ಬಾಯ್ ಬಾಯ್ ಬುಡ್ತೈತೆ ನೋಡು. ಬುಡ್ಸು ಮೊದ್ಲು.”

ಪುಣ್ಯಕ್ಕೆ ಆ ಆಟದಲ್ಲಿ ಮೀನನ್ನು ಬಿಟ್ಟುಬಿಡುವ ಗುಂಡಿಯೂ ಇತ್ತು. ಅದು ಎಡಗೈಯ ಕಿರುಬೆರಳಿಗೆ ಎಟುಕುವ ಹಾಗೆ ಮಾಡಿಕೊಟ್ಟೆ. ಅಣ್ಣ ಹಲ್ಲು ಕಚ್ಚಿಕೊಂಡು, ಬಲಗೈಯಿಂದ ಕಿರುಬೆರಳನ್ನು ಎಬ್ಬಿಸಿ ಇಟ್ಟು, ಒತ್ತಿದ. ಮೀನು ಪಳಕ್ಕನೆ ನೀರೊಳಗೆ ಹೋಯಿತು. ಅತ್ತಿಗೆ “ಹ್ಞಾ” ಎಂದರು, ಉಸಿರು ಬಿಟ್ಟ ಹಾಗೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಬೇರೆ ಆಟಗಾರರು ಮೀನು ಮಾರಿ ಒಳ್ಳೊಳ್ಳೆಯ ಗಾಳ, ದೋಣಿ ಎಲ್ಲ ಸಂಪಾದಿಸಿಕೊಳ್ಳುತ್ತಾರೆ. ಎಲ್ಲವನ್ನೂ ಬಿಟ್ಟುಬಿಡುವ ಅಣ್ಣನಿಗೆ ಕೊನೆಯವರೆಗೂ ಮೊದಲ ದಿನದ ಬಿದಿರು ಕೋಲೇ ಗತಿಯಾಯಿತು. ಅವನಿಗೆ ಅದರ ಚಿಂತೆ ಇರಲಿಲ್ಲ. ಮೀನು ಕಚ್ಚಿದ ನಡುಕ ಬಲಗೈಗೆ ಗೊತ್ತಾಗುತ್ತಿತ್ತು, ಎಡಗೈಗೆ ಗೊತ್ತಾಗುತ್ತಿರಲಿಲ್ಲ. “ಎಡಗಡೆ ಮೀನು ಇನ್ನೂ ಕಚ್ಚಿಲ್ಲ ಕಣ್ಲಾ” ಎನ್ನುತ್ತಿದ್ದ.

ತೊಡಕು ಶುರುವಾದದ್ದು ನೆಟ್‌ವರ್ಕಿನಿಂದ. ತಿಪಟೂರಿನ ನನ್ನ ಬಾಡಿಗೆ ಮನೆಯಲ್ಲಿ ವೈಫೈ ಇತ್ತು, ಆಟ ಯಾವಾಗಲೂ ಕಂಪನಿಯ ಸರ್ವರಿಗೆ ಅಂಟಿಕೊಂಡಿರುತ್ತದೆ ಎನ್ನುವುದು ನನ್ನ ಗಮನಕ್ಕೇ ಬಂದಿರಲಿಲ್ಲ. ನಮ್ಮ ತೋಟ ಕಿಬ್ಬನಹಳ್ಳಿಗೂ ಹಂದನಕೆರೆಗೂ ನಡುವೆ, ರಸ್ತೆಯಿಂದ ಒಳಗೆ. ಫೋನ್ ಬಂದರೆ ಬಾವಿಕಟ್ಟೆಯವರೆಗೆ ಓಡಿ ಹಲೋ ಅನ್ನಬೇಕಾದ ಜಾಗ. ಅಲ್ಲಿ ನನ್ನ ಫೋನಿನಿಂದ ಬರುತ್ತಿದ್ದ ನೆಟ್ ಆಗಾಗ ಕಡಿದು, ಮೀನು ಅರ್ಧ ದಾರಿಗೆ ಬಂದಿರುವಾಗ ಪರದೆ ಕಪ್ಪಾಗುತ್ತಿತ್ತು. ಸಂಪರ್ಕ ತಪ್ಪಿದೆ ಎಂದು ಒಂದು ಸಾಲು ಬರುತ್ತಿತ್ತು. ಮತ್ತೆ ಮೊದಲಿನಿಂದ.

“ಯಾಕ್ಲಾ, ಇದು ನಿಂದಲ್ವಾ?” ಎಂದು ಕೇಳಿದ ಅಣ್ಣ.

ನಾನು ವಿವರಿಸಿದೆ. ಆಟ ಕೊಂಡಿರುವುದು ನಾನೇ. ಆದರೆ ಕದ್ದು ಕಾಪಿ ಮಾಡಿಕೊಂಡು ಆಡುವವರ ಕಾಟ ತಡೆಯಲು, ಆಡುತ್ತಿರುವಷ್ಟು ಹೊತ್ತೂ ಇವನು ಕೊಂಡವನೇ ತಾನೆ ಎಂದು ಕಂಪನಿ ಅಲ್ಲಿಂದ ನೋಡುತ್ತಲೇ ಇರುತ್ತದೆ. ನೋಡಲು ಆಗದಿದ್ದರೆ ಆಟ ನಿಲ್ಲಿಸುತ್ತದೆ. ನಾವು ಆಡಿದ್ದೆಲ್ಲ ಉಳಿಯುವುದೂ ಅಲ್ಲೇ.

ಅಣ್ಣ ಅದನ್ನು ತನ್ನ ಲೆಕ್ಕಕ್ಕೆ ತಂದುಕೊಂಡ. “ಅಂದ್ರೆ ನಾನೊಂದು ಹಸ ಕೊಂಡ್ಕೊಂಡ್ ಬಂದಿವ್ನಿ. ಮಾರಿದೋನು ದಿನಾ ಬಂದು ಕೊಟ್ಟಿಗೆ ಬಾಗ್ಲಲ್ಲಿ ನಿಂತ್ಕಂತಾನೆ. ಅವ್ನು ಬಂದ್ರೇನೇ ಹಾಲ್ ಕರೀಬೇಕು. ಅವ್ನಿಗ್ ಬಸ್ಸು ತಪ್ಪೋದ್ರೆ ನನ್ಗೆ ಕಾಫಿ ಇಲ್ಲ.”

“ಹೆಚ್ಚುಕಮ್ಮಿ ಹಂಗೇ.”

“ಕದ್ದೋನು?”

“ಕದ್ದೋನಿಗೆ ಈ ಕಾಟ ಇಲ್ಲ. ಅವನು ಆ ಕಾವಲು ಕಾಯೋ ಭಾಗಾನೇ ಕಿತ್ತು ಹಾಕಿರ್ತಾನೆ.”

“ಭೇಷ್” ಎಂದ ಅಣ್ಣ.

ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದ ಒಂದೇ ಜಾಗ ಕೊಬ್ಬರಿ ಅಟ್ಟ. ನಮ್ಮ ಕಡೆ ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಹೀರಿಕೊಂಡು, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೆ ಆ ಕಾಯಿಗಳ ಮೇಲೆ ಯಾರೂ ಕಾಲಿಡುವ ಹಾಗಿಲ್ಲ, ಕೆದಕುವ ಹಾಗಿಲ್ಲ. ಹಾಗಾಗಿ ನಾನು ಫೋನನ್ನು ಒಂದು ಸಣ್ಣ ಬುಟ್ಟಿಯಲ್ಲಿಟ್ಟು, ಜಂತೆಗೆ ಹಗ್ಗ ಹಾಕಿ, ಕೆಳಗಿನಿಂದಲೇ ಎಳೆದು ಅಟ್ಟದ ಮೇಲಕ್ಕೆ ಏರಿಸುವ ವ್ಯವಸ್ಥೆ ಮಾಡಿದೆ. ಫೋನಿಗೆ ಅಲ್ಲಿ ಸಿಗ್ನಲ್, ಫೋನಿನಿಂದ ಕೆಳಗೆ ಲ್ಯಾಪ್‌ಟಾಪಿಗೆ ನೆಟ್. ಊಟವಾದ ಮೇಲೆ ಅತ್ತಿಗೆ ಹಗ್ಗ ಎಳೆಯುತ್ತಿದ್ದರು. ಅಣ್ಣ ಕಂಟ್ರೋಲರ್ ಮಡಿಲಲ್ಲಿಟ್ಟುಕೊಂಡು, ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಗುಂಡಿಗಳ ಮೇಲೆ ಕೂರಿಸಿಕೊಳ್ಳುತ್ತಿದ್ದ. ನಾನು ಇಲ್ಲದ ದಿನವೂ ನಡೆಯಲೆಂದು ನನ್ನ ಹಳೆಯ ಫೋನನ್ನೂ ಲ್ಯಾಪ್‌ಟಾಪನ್ನೂ ಅಲ್ಲೇ ಬಿಟ್ಟು ಬಂದೆ.

ಒಂದೆರಡು ತಿಂಗಳಲ್ಲಿ ತೋರುಬೆರಳು ತಾನಾಗಿ ಏಳತೊಡಗಿತು. ಕ್ಲಿನಿಕ್ಕಿನ ಹೆಣ್ಣುಮಗಳು ಏನು ಮಾಡಿಸುತ್ತಿದ್ದೀರಿ ಎಂದು ಕೇಳಿದಳು. ಅತ್ತಿಗೆ “ಕೆರೆಗ್ ಹೋಯ್ತಾರೆ” ಎಂದರಂತೆ.

ಆಮೇಲೆ ಒಂದು ಕೊಯ್ಲು ಬಂತು. ಹೊಸ ಕಾಯಿ ಅಟ್ಟಕ್ಕೆ ಹೋಯಿತು. ಅದಾದ ಮೇಲೆ ಆಟ ಒಂದು ಗಳಿಗೆಯೂ ಸರಿಯಾಗಿ ನಡೆಯಲಿಲ್ಲ. ಮೀನು ಕಚ್ಚುವುದು, ಪರದೆ ಕಪ್ಪಾಗುವುದು. ಕರೆಂಟು ಹೋಗಿ ಟವರ್ ಕೆಟ್ಟಿರಬೇಕು ಎಂದುಕೊಂಡೆವು. ಟವರ್ ಸರಿಯಿತ್ತು. ಕಂಪನಿಗೆ ದೂರು ಬರೆದೆ. ನಿಮ್ಮ ರೂಟರನ್ನು ಒಮ್ಮೆ ಆರಿಸಿ ಹಾಕಿ ಎಂದು ತಾನಾಗಿ ಹೊರಡುವ ಉತ್ತರ ಬಂತು. ಈ ಕಡೆ ಅಣ್ಣ ದಿನಕ್ಕೊಂದು ಸಲ ಪ್ರಯತ್ನಿಸಿ, ಆಮೇಲೆ ಎರಡು ದಿನಕ್ಕೊಂದು ಸಲವಾಗಿ, ಕೊನೆಗೆ ಕಂಟ್ರೋಲರ್ ಮುಟ್ಟುವುದನ್ನೇ ಬಿಟ್ಟ. ಬೆರಳುಗಳು ಮತ್ತೆ ಒಳಕ್ಕೆ ಹೋದವು. ಒಂದು ಬೆಳಿಗ್ಗೆ ಅವುಗಳನ್ನು ಬಿಡಿಸುವಾಗ ಅತ್ತಿಗೆಗೆ ತುಂಬಾ ಹೊತ್ತು ಹಿಡಿಯಿತು. ಅಣ್ಣ ನೋವಿಗೆ ಮುಖ ಕಿವುಚಿದ. ಲಿಂಗವನ್ನು ಕರಡಿಗೆಯಿಂದ ತೆಗೆಯಲೇ ಇಲ್ಲ. ಕರಡಿಗೆಯ ಮೇಲೇ ವಿಭೂತಿ ಇಟ್ಟು ಎದ್ದುಬಿಟ್ಟ. ಅತ್ತಿಗೆ ಆ ದಿನ ತಿಂಡಿ ತಿಂದರೋ ಇಲ್ಲವೋ, ನಾನು ನೋಡಿದ ಹಾಗೆ ಇಲ್ಲ.

ಆ ಸಿಟ್ಟಿನಲ್ಲಿ ತಿಪಟೂರಿನ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಹಿಂದೊಮ್ಮೆ ನನ್ನ ವಿದ್ಯಾರ್ಥಿಯಾಗಿದ್ದವನು. ಕಥೆ ಕೇಳಿ ನಕ್ಕ.

“ಸಾ, ನೀವು ಕಾಸ್ ಕೊಟ್ಟು ತಗಂಡಿದ್ದೇ ತಪ್ಪು ಸಾ. ಪೆನ್‌ಡ್ರೈವ್ ಕೊಡಿ ಇಲ್ಲಿ. ಕ್ರ್ಯಾಕ್ ಆಗಿರೋದು ಐತೆ, ನೆಟ್ಟೂ ಬ್ಯಾಡ, ಏನೂ ಬ್ಯಾಡ. ಬಾವಿ ಒಳಗ್ ಇಳ್ಕಂಡೂ ಆಡ್ಬೋದು.”

ತಂದು ಹಾಕಿ ತೋರಿಸಿದೆ. ಅದೇ ಕೆರೆ, ಅದೇ ಮಂಜು. ಅಣ್ಣ ಸ್ವಲ್ಪ ಹೊತ್ತು ನೋಡಿದ.

“ಇದು ಕದ್ದಿದ್ದಾ?”

“ಹೂಂ.”

“ಬ್ಯಾಡ.”

“ಅಣ್ಣ, ನಾನು ಕಾಸು ಕೊಟ್ಟಿದೀನಲ್ಲ…”

“ನೀನ್ ಕೊಟ್ಟಿರೋದು ಆ ಕೆರೆಗೆ. ನಾನ್ ಬುಟ್ಟಿರೋ ಮೀನೆಲ್ಲ ಅಲ್ಲೇ ಅವೆ. ಇದ್ರಲ್ಲಿ ಒಂದಾದ್ರೂ ಐತಾ?” ಎಂದ. ಆಮೇಲೆ ಮೆಲ್ಲಗೆ, “ಕದ್ದ ಮಾಲಲ್ಲಿ ಕೈ ಪಳಗಿಸ್ಕೊಂಡು, ಅದೇ ಕೈಲಿ ಲಿಂಗ ಹಿಡೀಲೇನ್ಲಾ?” ಎಂದ.

ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಲಿಂಗವನ್ನು ಬೀರುವಿನಲ್ಲಿಟ್ಟವನು ಏನು ಹೇಳಿಯಾನು?

ಬುಟ್ಟಿ ಎಲ್ಲಿದೆ ನೋಡೋಣ ಎಂದು ಏಣಿ ಹಾಕಿದ್ದು ಅದರ ಮರುವಾರ. ಹಗ್ಗ ಎಳೆದರೆ ಬುಟ್ಟಿ ಮೇಲೆ ಹೋಗುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು, ಹಾಗಾಗಿ ಯಾರೂ ಹತ್ತಿ ನೋಡಿರಲಿಲ್ಲ. ಕೊಯ್ಲಿನ ದಿನ ಆಳುಗಳು ಹೊಸ ಕಾಯಿಯನ್ನು ಹಗ್ಗದ ಸುತ್ತಲೇ ರಾಶಿ ಹಾಕಿದ್ದರು. ಅಚ್ಚುಕಟ್ಟಾಗಿ, ಬುಟ್ಟಿ ಹೋಗಿ ಬರಲು ನಡುವೆ ಬಾವಿಯಂಥ ಜಾಗ ಬಿಟ್ಟು. ಹಾಗೆ ಬಿಡಿ ಎಂದು ಹೇಳಿದ್ದು ಅತ್ತಿಗೆಯೇ. ಫೋನಿಗೆ ಬಿಸಿಲು ತಾಗಬಾರದು, ಸುತ್ತ ಹಸಿ ಕಾಯಿ ಇದ್ದರೆ ತಂಪಾಗಿರುತ್ತದೆ ಎನ್ನುವುದು ಅವರ ಲೆಕ್ಕ. ಎದೆಯೆತ್ತರದ ಹಸಿ ಕಾಯಿಯ ಗೋಡೆ, ಪ್ರತಿ ಕಾಯಿಯ ಹೊಟ್ಟೆಯಲ್ಲೂ ನೀರು. ನೀರು ರೇಡಿಯೋ ಅಲೆಗಳನ್ನು ಹೀರುತ್ತದೆ ಎಂದು ಎಲ್ಲೋ ಓದಿದ್ದು ನೆನಪಾಗಿ ಏಣಿಯ ಮೇಲಿಂದಲೇ ಕೂಗಿ ಹೇಳಿದೆ.

“ನೆಟ್ಟೂ ಕುಡೀತವಾ ಕಾಯಿ?” ಎಂದು ಅಣ್ಣ ಕೆಳಗಿನಿಂದ ನಗತೊಡಗಿದ. ಆ ವಾರಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. “ಲೇ, ಕೊಬ್ಬರಿ ವ್ಯಾಪಾರಕ್ ಬತ್ತಾರಲ್ಲ, ಅವ್ರಿಗ್ ಹೇಳು. ಇನ್ಮೇಲೆ ಕಾಯಿ ಅಲ್ಲಾಡ್ಸಿ ನೋಡೋದ್ ಬ್ಯಾಡ, ಫೋನ್ ಇಟ್ಟು ನೋಡಿ. ಸಿಗ್ನಲ್ ಬಂದ್ರೆ ಒಣಗೈತೆ ಅಂತ.”

ಅತ್ತಿಗೆ ನಗಲಿಲ್ಲ. “ನಂದೇ ತಪ್ಪು ಅನ್ನು” ಎಂದರು.

“ನಿಂದೇನು? ಮಗೀನ್ ತೊಟ್ಲು ಕಟ್ದಂಗ್ ಕಟ್ಸಿದೀಯ” ಎಂದ ಅಣ್ಣ.

ಹಗ್ಗವನ್ನು ಅಟ್ಟದ ಇನ್ನೊಂದು ಬದಿಗೆ, ಒಣಗಿ ಗುಡುಗುಡು ಎನ್ನುತ್ತಿದ್ದ ಹಳೆಯ ಕಾಯಿಗಳ ಕಡೆಗೆ ಬದಲಾಯಿಸಿದೆವು. ಆಟ ಮತ್ತೆ ಕಡಿಯದೆ ನಡೆಯತೊಡಗಿತು. ನೀರಿನಿಂದ ದೂರವಾದದ್ದಕ್ಕೋ, ಬರೀ ಜಾಗ ಬದಲಾದದ್ದಕ್ಕೋ ನನಗೆ ಈಗಲೂ ಖಾತ್ರಿಯಿಲ್ಲ. ಪರೀಕ್ಷೆ ಮಾಡಿ ನೋಡಬೇಕೆಂದು ಹಲವು ಸಲ ಅನ್ನಿಸಿದ್ದುಂಟು. ಆದರೆ ನಡೆಯುತ್ತಿರುವುದನ್ನು ಮುಟ್ಟಲು ಅತ್ತಿಗೆ ಬಿಡಲಿಲ್ಲ.

ಆಮೇಲಿನ ತಿಂಗಳುಗಳು ನನ್ನ ನೆನಪಿನಲ್ಲಿ ಒಂದೇ ಮಧ್ಯಾಹ್ನದ ಹಾಗೆ ಇವೆ. ಹೊರಗೆ ತೋಟದಲ್ಲಿ ಗರಿ ಬೀಳುವ ಸದ್ದು, ಒಳಗೆ ನೀರಿನ ಸದ್ದು. ಅತ್ತಿಗೆ ಹುಣಸೆಹಣ್ಣು ಬಿಡಿಸುತ್ತಾ “ಅಗೋ ಕಚ್ತು” ಎನ್ನುವುದು. ಅಣ್ಣ “ಶ್… ಮಾತಾಡುದ್ರೆ ಓಡೋಯ್ತದೆ” ಎನ್ನುವುದು. ಒಂದು ದೊಡ್ಡ ಮೀನಿಗೆ ಬೆನ್ನಿನ ಮೇಲೆ ಗಾಯದ ಗುರುತಿತ್ತು. ಅದನ್ನು ಅಣ್ಣ ಎಷ್ಟೋ ಸಲ ಹಿಡಿದು ಬಿಟ್ಟಿದ್ದ. ಅದು ಈಗ ತನ್ನನ್ನು ಗುರುತು ಹಿಡಿಯುತ್ತದೆ, ಮೊದಲಿನಷ್ಟು ಒದ್ದಾಡುವುದಿಲ್ಲ ಎಂದು ವಾದಿಸುತ್ತಿದ್ದ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಆಟ ನಿಲ್ಲಿಸಿ ಎಡಗೈಯನ್ನೇ ನೋಡುತ್ತಾ ಕೂತ. “ಗುರ್ ಅಂತು” ಎಂದ. ಅತ್ತಿಗೆ ಹುಣಸೆಹಣ್ಣಿನ ಕೈಯಲ್ಲೇ ಅವನ ಎಡಗೈ ಹಿಡಿದುಕೊಂಡರು. ಕಂಟ್ರೋಲರಿಗೆ ಅಂಟಾದದ್ದು ಇನ್ನೂ ಪೂರ್ತಿ ಹೋಗಿಲ್ಲ.

ಬೆಳಗಿನ ಪೂಜೆಯಲ್ಲಿ ಬೆರಳು ಬಿಡಿಸುವ ಕೆಲಸ ನಿಂತಿತ್ತು. ಅಂಗೈ ತಾನಾಗಿ ತೆರೆದುಕೊಳ್ಳುತ್ತಿತ್ತು. ಆದರೆ ನಡುಗುತ್ತಿತ್ತು. ಲಿಂಗ ಕೈಜಾರಿ ನೆಲಕ್ಕೆ ಬೀಳುವುದೆಂದರೆ ನಮ್ಮವರಿಗೆ ನೆನೆಯಲೂ ಆಗದ ಮಾತು. ಹಾಗಾಗಿ ಅತ್ತಿಗೆಯ ಕೈ ಕೆಳಗೆ ಇದ್ದೇ ಇರುತ್ತಿತ್ತು.

ಕಂಪನಿಯಿಂದ ಮೇಲ್ ಬಂದದ್ದು ಆಗ. ಆಡುವವರು ಕಡಿಮೆಯಾಗಿದ್ದಾರೆ, ಆದ್ದರಿಂದ ಸರ್ವರನ್ನು ಮುಚ್ಚುತ್ತಿದ್ದೇವೆ, ಇಷ್ಟು ದಿನ ನಮ್ಮೊಂದಿಗೆ ಇದ್ದದ್ದಕ್ಕೆ ವಂದನೆಗಳು. ಮುಚ್ಚಿದ ಮೇಲೆ ಒಬ್ಬನೇ ಆಡುವವನಿಗೂ ಆಟ ತೆರೆಯುವುದಿಲ್ಲ. ನಾನು ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಓದಿದೆ. ನಾನು ಕೊಂಡದ್ದು ಕೆರೆಯಲ್ಲ, ಅವರು ಬಿಡುವಷ್ಟು ದಿನ ದಡದಲ್ಲಿ ಕೂರುವ ಅಪ್ಪಣೆ ಎನ್ನುವುದು ಒಪ್ಪಂದದ ಸಣ್ಣಕ್ಷರದಲ್ಲಿ ಇದ್ದಿರಬೇಕು. ಹಳೆಯ ಒಪ್ಪಂದಗಳನ್ನು ಓದಿ ಹೇಳುವುದೇ ನನ್ನ ಕಸುಬು. ನನ್ನದನ್ನೇ ನಾನು ಓದಿರಲಿಲ್ಲ. ಎಲ್ಲರ ಹಾಗೆ ಒಪ್ಪಿಗೆ ಎಂದು ಒತ್ತಿದ್ದೆ.

ಅಣ್ಣನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು. “ಮೀನು?”

“ಏನೂ ಇರಲ್ಲ ಅಣ್ಣ.”

ಕೊನೆಯ ಮಧ್ಯಾಹ್ನ ನಾನು ರಜೆ ಹಾಕಿ ಹೋದೆ. ಗಾಯದ ಗುರುತಿನ ಮೀನು ಬಂತು, ಅಣ್ಣ ಹಿಡಿದ, ಬಿಟ್ಟ. ಹೀಗೆ ನನಗೆ ನೆನಪು. ಆದರೆ ಬೇಕೆಂದಾಗಲೇ ಅದೇ ಮೀನು ಬರುವುದು ಅಷ್ಟು ಸುಲಭವಲ್ಲ. ಅತ್ತಿಗೆಯ ಪ್ರಕಾರ ಅವತ್ತು ಏನೂ ಕಚ್ಚಲಿಲ್ಲ, ಬರೀ ಮಂಜು ನೋಡುತ್ತಾ ಕೂತಿದ್ದೆವು. ನೋಡಿ ತೀರ್ಮಾನಿಸೋಣ ಎಂದರೆ ಆ ಕೆರೆಯ ಗುರುತೇ ಎಲ್ಲೂ ಉಳಿದಿಲ್ಲ.

ಒಂದು ವಾರ ಪಡಸಾಲೆ ಸುಮ್ಮನಿತ್ತು. ಕ್ಲಿನಿಕ್ಕಿನ ಹೆಣ್ಣುಮಗಳು, ಈಗ ನಿಲ್ಲಿಸಿದರೆ ಬಂದದ್ದೂ ಹಿಂದಕ್ಕೆ ಹೋಗುತ್ತದೆ ಎಂದು ಎಚ್ಚರಿಸಿದಳು. ಪೆನ್‌ಡ್ರೈವ್ ನನ್ನ ಚೀಲದಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಬಿಟ್ಟವರು ಅತ್ತಿಗೆ.

“ಆ ಇನ್ನೊಂದು ಐತಲ್ಲ, ಅಂಗ್ಡಿಯೋನು ಕೊಟ್ಟಿದ್ದು. ಹಾಕ್ಕೊಡಪ್ಪ” ಎಂದರು.

ಅಣ್ಣ ತಿರುಗಿ ನೋಡಿದ. “ಕದ್ದಿದ್ದು ಕಣೇ ಅದು.”

“ಯಾರ್ದನ್ ಕದ್ದಿದ್ದು? ಕಾಸ್ ಕೊಟ್ಟಿರೋದು ನಮ್ ಮೇಷ್ಟ್ರು. ಮಾಲ್ ನಮ್ದು. ಮಾರಿದೋನು ಬಾಗ್ಲಾಕ್ಕೊಂಡ್ ಹೋದ, ನಮ್ ಮಾಲು ಒಳಗೇ ಉಳ್ಕೊಂತು. ಹಿತ್ಲಿಂದ ಹೋಗಿ ನಮ್ದನ್ನ ನಾವ್ ತಂದ್ಕೊಂಡ್ರೆ ಅದು ಕಳ್ತನವೇನ್ರೀ?”

“ಮೀನ್ ಬೇರೆ.”

“ಮೀನ್ ಬೇರೆಯಾದ್ರೆ ಅವನ್ನೂ ಬುಡಿ. ಅವು ಮಾತ್ರ ಏನ್ ಪಾಪ ಮಾಡವೆ?”

ನಾನು ವಿಶ್ವವಿದ್ಯಾಲಯದಲ್ಲಿ ಎಷ್ಟೋ ವಾದ ಕೇಳಿದ್ದೇನೆ. ಇದು ಪೂರ್ತಿ ಸರಿಯೆಂದು ಹೇಳಲಾರೆ. ಅತ್ತಿಗೆ ಅದನ್ನು ಗೆಲ್ಲಲಿಕ್ಕೆ ಹೇಳಿದ್ದಲ್ಲ ಎನ್ನುವುದು ಮಾತ್ರ ಗೊತ್ತು. ಅವರ ಕಣ್ಣು ಇದ್ದದ್ದು ಅವನ ಬೆರಳುಗಳ ಮೇಲೆ. ಕೊನೆಗೆ ಅಣ್ಣ ಎಡಗೈಯನ್ನೇ ಚಾಚಿ ಕಂಟ್ರೋಲರ್ ಕೇಳಿದ.

ಕದ್ದ ಕೆರೆಯಲ್ಲಿ ಅವನು ಮತ್ತೆ ಹೊಸಬನಾದ. ಅಟ್ಟಕ್ಕೆ ಬುಟ್ಟಿ ಏರಿಸುವ ಕೆಲಸವಿರಲಿಲ್ಲ, ಪರದೆ ಕಪ್ಪಾಗುತ್ತಿರಲಿಲ್ಲ. ಆದರೂ ಅವನ ಮಾತು ಕಡಿಮೆಯಾಗಿತ್ತು. ಹಿಡಿಯುತ್ತಿದ್ದ, ಬಿಡುತ್ತಿದ್ದ, ಮಾತ್ರೆ ನುಂಗುವವನ ಹಾಗೆ. ಅರ್ಧ ಗಂಟೆಯಾದರೆ ಎದ್ದುಬಿಡುತ್ತಿದ್ದ. ಬೆರಳಿಗೆ ಅಷ್ಟು ಸಾಕಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಬೇಗ ಹೋದೆ. ಪೂಜೆ ನಡೆಯುತ್ತಿತ್ತು. ಬಾಗಿಲಲ್ಲೇ ನಿಂತೆ. ಅಣ್ಣ ಕಣ್ಣು ಮುಚ್ಚಿದ್ದ, ಎಡ ಅಂಗೈ ಎದೆಯ ಮಟ್ಟದಲ್ಲಿತ್ತು, ಮೇಲೆ ಲಿಂಗ. ಅತ್ತಿಗೆಯ ಅಂಗೈ ಎಂದಿನಂತೆ ಕೆಳಗಿತ್ತು. ಆದರೆ ಎರಡು ಕೈಗಳ ನಡುವೆ ಕಿಟಕಿಯ ಬೆಳಕು ಕಾಣುತ್ತಿತ್ತು.

ತಿಂಡಿಗೆ ಕೂತಾಗ ತಡೆಯಲಾಗದೆ ಹೇಳಿದೆ. “ಅಣ್ಣ, ಒಬ್ನೇ ಹಿಡ್ಕೊಂಡಿದ್ದೆಯಲ್ಲ.”

“ಎಲ್ ಒಬ್ನೇ? ಇವಳ್ ಕೈ ಇತ್ತಲ್ಲ.”

ನಾನು ಅತ್ತಿಗೆಯನ್ನು ನೋಡಿದೆ. ಅವರು ರೊಟ್ಟಿ ತಿರುವಿ ಹಾಕಿದರು. ಆಮೇಲೆ, ತಿರುಗದೆಯೇ, “ತಾಗ್ಸಿ ಎಷ್ಟ್ ದಿನ ಆಯ್ತೋ” ಎಂದರು.

ಅಣ್ಣನ ಕೈಯಲ್ಲಿದ್ದ ತುತ್ತು ತಟ್ಟೆಗೆ ಹೋಯಿತು. “ಏನಂದೆ?”

“ಕೆಳಗೇ ಇತ್ತು ಕಣ್ರೀ. ತಾಗ್ತಿರ್ಲಿಲ್ಲ ಅಷ್ಟೆ.”

“ಹೇಳ್ಬಾರ್ದಾ? ಬಿದ್ದಿದ್ರೆ?”

“ಹೇಳಿದ್ರೆ ಬೀಳ್ತಿತ್ತು.”

ಅಣ್ಣ ಎಡಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದ. ಮಡಚಿದ, ತೆರೆದ. ಕಿರುಬೆರಳು ಸ್ವಲ್ಪ ಹಿಂದೆ ಉಳಿಯಿತು, ಆಮೇಲೆ ಅದೂ ಬಂತು. ಬಯ್ಯುತ್ತಾನೆ ಎಂದುಕೊಂಡೆ. ಅವನ ದನಿಯಲ್ಲಿ ಸಿಟ್ಟೂ ಇತ್ತು, ಅಷ್ಟು ನನಗೆ ಅನುಮಾನವಿಲ್ಲ.

“ನಾಳೇನೂ ಅಲ್ಲೇ ಇರ್ಲಿ ಕೈ” ಎಂದ. “ತಾಗೋದ್ ಬ್ಯಾಡ. ಇರ್ಲಿ.”

“ಇನ್ನೆಲ್ಲೋಯ್ತದೆ?” ಎಂದು ಅತ್ತಿಗೆ ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದರು.